ಬರೆಯುವ ಹಲಗೆ, ಬಡಿಯುವ ಹಲಗೆ

1

ಕನ್ನಡದಲ್ಲಿ ಹಲಗೆ ಎಂಬ ಒಂದೇ ಮಾತಿಗೆ ಎರಡು ಬದುಕುಗಳಿವೆ. ಮಗು ಅಕ್ಷರ ತಿದ್ದುವುದೂ ಹಲಗೆ, ಮಾರಿಯ ಮುಂದೆ ಬಡಿಯುವುದೂ ಹಲಗೆ. ಮೊದಲನೆಯದು ನಮ್ಮ ಕೈಗೆ ಸಿಗಬಾರದೆಂದು ಊರು ಶತಮಾನಗಳ ಕಾಲ ಹಟ ಹಿಡಿಯಿತು. ಎರಡನೆಯದನ್ನು ನಾವು ಕೆಳಗಿಡಬಾರದೆಂದೂ ಅಷ್ಟೇ ಹಟ ಹಿಡಿಯಿತು. ನಮ್ಮ ತಲೆಮಾರು ಬರೆಯುವ ಹಲಗೆ ಹಿಡಿದುಕೊಂಡು ಶಾಲೆಗೆ ಹೋದದ್ದು, ಬಡಿಯುವ ಹಲಗೆಯನ್ನು ಅಟ್ಟದ ಮೇಲೆ ಎಸೆದ ಮೇಲೆಯೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಎಸೆದದ್ದು ಏನನ್ನು ಎಂಬ ಲೆಕ್ಕವನ್ನು ನಮ್ಮ ವಿಮರ್ಶೆ ಇನ್ನೂ ಮಾಡಿಲ್ಲ.

ತಮಟೆ, ಹಲಗೆ, ತಪ್ಪಟೆ, ಪರೆ, ದುಡಿ, ಡೋಲು. ಕೇರಿಯವರು ತಮ್ಮ ಕೈಯಾರೆ ಮಾಡಿಕೊಂಡು ಬಾರಿಸುವ ಈ ವಾದ್ಯಗಳ ಬಗ್ಗೆ ಕನ್ನಡದಲ್ಲಿ ಎರಡು ತರಹದ ಬರವಣಿಗೆ ನಡೆದಿದೆ. ಒಂದು ಜಾನಪದದವರದು. ಅದರಲ್ಲಿ ವಾದ್ಯದ ಅಳತೆ ಇರುತ್ತದೆ, ಯಾವ ಹಬ್ಬಕ್ಕೆ ಬಾರಿಸುತ್ತಾರೆ ಎಂಬ ಪಟ್ಟಿ ಇರುತ್ತದೆ, ಕೊನೆಗೆ 'ಈ ಕಲೆ ಇಂದು ಅಳಿವಿನ ಅಂಚಿನಲ್ಲಿದೆ' ಎಂಬ ನಿಟ್ಟುಸಿರು ಇರುತ್ತದೆ. ಇನ್ನೊಂದು ನಮ್ಮ ಬಂಡಾಯದವರದು. ಅದರಲ್ಲಿ ತಮಟೆ ಒಂದು ರೂಪಕ. ತಮಟೆಯೆಂದರೆ ಸಿಟ್ಟು, ತಮಟೆಯೆಂದರೆ ಎಚ್ಚರ, ತಮಟೆಯೆಂದರೆ ಕ್ರಾಂತಿ. ಈ ಎರಡೂ ಬರವಣಿಗೆಗಳಲ್ಲಿ ನನಗೆ ಸಿಗದೇ ಹೋದವನು ಒಬ್ಬನೇ: ಆ ತಮಟೆಯನ್ನು ಕಟ್ಟಿದವನು.

ಯಾವ ಪ್ರಾಣಿಯ ತೊಗಲು, ಯಾರು ಸುಲಿದರು, ಎಷ್ಟು ದಿನ ನೆನೆಹಾಕಿದರು, ಯಾರ ಕೈಯ ಚರ್ಮ ಸುಣ್ಣದಲ್ಲಿ ಬಿರುಕು ಬಿಟ್ಟಿತು, ಯಾವ ಬೆಂಕಿಯಲ್ಲಿ ಕಾಯಿಸಿದರು ಎಂಬ ಪ್ರಶ್ನೆಗಳು ಸಾಹಿತ್ಯದ ಪ್ರಶ್ನೆಗಳಲ್ಲ ಅಂತ ನಮ್ಮ ಮೇಷ್ಟ್ರುಗಳು ತಿಳಿದಿದ್ದರು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು, ಅವೇ ಸಾಹಿತ್ಯದ ಪ್ರಶ್ನೆಗಳು ಎಂದು.

2

ನಮ್ಮ ದೊಡ್ಡಪ್ಪ ತಮಟೆ ಕಟ್ಟುತ್ತಿದ್ದರು. ನಮ್ಮೂರಿನ ಕೇರಿಯಲ್ಲಿ ಹೊಡೆಯುವವರು ಹತ್ತಾರು ಮಂದಿ ಇದ್ದರು, ಕಟ್ಟುವವರು ಇಬ್ಬರೇ. ಹೊಡೆಯುವುದನ್ನು ನೋಡಿ ಕಲಿಯಬಹುದು, ಕಟ್ಟುವುದನ್ನು ಮುಟ್ಟಿ ಕಲಿಯಬೇಕು ಅಂತ ಅವರ ಮಾತು.

ಮೇಕೆಯದೋ ಕರುವಿನದೋ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಿದ್ದರು. ಕೂದಲು ಬಿಡುವ ಹದ ಬಂದಾಗ ತೆಗೆದು ಹೆರೆಯಬೇಕು. ಒಳಮೈಯಲ್ಲಿ ಅಂಟಿಕೊಂಡ ಮಾಂಸದ ಪೊರೆಯನ್ನೂ ಹೆರೆಯಬೇಕು. ಎಲ್ಲ ಕಡೆಯೂ ಒಂದೇ ತೆಳು ಬರಬೇಕು. ಒಂದು ಮಗ್ಗುಲು ದಪ್ಪ ಉಳಿದರೆ ವಾದ್ಯ ಆ ಮಗ್ಗುಲಲ್ಲಿ ಮೂಗ. ಆಮೇಲೆ ಹಸಿ ತೊಗಲನ್ನು ಬಳೆಯ ಮೇಲೆ ಹಾಸಿ, ಅಂಚಿಗೆ ತೂತು ಹಾಕಿ, ತೊಗಲಿನದೇ ಬಾರನ್ನು ಪೋಣಿಸಿ, ಬೆನ್ನಿನ ಕಡೆ ಅಡ್ಡಡ್ಡ ಉದ್ದುದ್ದ ಎಳೆದು ಬಿಗಿಯುತ್ತಿದ್ದರು. ಮೊದಲು ಮರದ ಬಳೆ ಇತ್ತಂತೆ, ನಾನು ನೋಡುವ ಹೊತ್ತಿಗೆ ಕಬ್ಬಿಣದ ಪಟ್ಟಿ ಬಂದಿತ್ತು. ಕಟ್ಟಿದ್ದನ್ನು ನೇರ ಬಿಸಿಲಿಗೆ ಇಡುತ್ತಿರಲಿಲ್ಲ. ಬಿಸಿಲಿಗೆ ಮೇಲ್ಮೈ ಬೇಗ ಒಣಗುತ್ತದೆ, ಒಳಗು ಹಸಿ ಉಳಿಯುತ್ತದೆ, ತೊಗಲು ಸೆಟೆದು ಒಡೆಯುತ್ತದೆ. ನೆರಳಲ್ಲಿ ನಿಧಾನಕ್ಕೆ ಒಣಗಿದರೆ ತೊಗಲು ತಾನೇ ಕುಗ್ಗಿ ಬಳೆಯನ್ನು ಅಪ್ಪಿಕೊಳ್ಳುತ್ತದೆ. ಬಿಗಿಯ ಅರ್ಧ ಕೆಲಸ ಕೈಯದು, ಅರ್ಧ ಕೆಲಸ ಗಾಳಿಯದು.

ಬಾರಿಸುವ ಮುಂಚೆ ಬೆಂಕಿ. ಹುಲ್ಲು, ಸೋಗೆ, ಕಾಗದ ಏನಾದರೂ ಸರಿ, ಉರಿ ಮಾಡಿ ತಮಟೆಯನ್ನು ಅದರ ಮುಂದೆ ಹಿಡಿದು ಸುತ್ತಿಸುತ್ತಿದ್ದರು. ಗಾಳಿಯ ತೇವ ಕುಡಿದು ಸಡಿಲಗೊಂಡ ತೊಗಲು ಕಾವಿಗೆ ತೇವ ಬಿಟ್ಟು ಬಿಗಿಯಾಗುತ್ತದೆ, ನಾದ ಏರುತ್ತದೆ. ಜಾಸ್ತಿ ಕಾಸಿದರೆ ಸುಟ್ಟು ಬಿರಿಯುತ್ತದೆ. ಬೆರಳಲ್ಲಿ ಚಿಮ್ಮಿ ಚಿಮ್ಮಿ ಕೇಳುತ್ತಾ 'ಇನ್ನೂ ಬಂದಿಲ್ಲ... ಇನ್ನೂ... ಹ್ಞಾಂ, ಬಂತು' ಅನ್ನುವರು. ಏನು ಬಂತು? ಸಂಗೀತದವರು ಅದಕ್ಕೆ ಶ್ರುತಿ ಅನ್ನುತ್ತಾರೆ. ನಮ್ಮವರು ಹದ ಅಂದರು. ಅನ್ನಕ್ಕೂ ಹದ, ಮಣ್ಣಿಗೂ ಹದ, ತೊಗಲಿಗೂ ಹದ. ಮಳೆಗಾಲದ ಸಾವಿನಲ್ಲಿ ದಾರಿಯುದ್ದಕ್ಕೂ ಮೂರು ನಾಲ್ಕು ಕಡೆ ಬೆಂಕಿ ಹಾಕಬೇಕಾಗುತ್ತಿತ್ತು. ಹೆಣದ ಮುಂದೆ ನಡೆಯುವವರು ಅಲ್ಲಲ್ಲಿ ನಿಂತು ಕಾಸಿಕೊಳ್ಳುವುದನ್ನು ನೋಡಿ ಊರಿನವರು 'ಸೋಮಾರಿಗಳು, ಬೀಡಿ ಸೇದೋಕೆ ನೆಪ' ಅಂತ ಬೈಯುತ್ತಿದ್ದರು.

ಬಲಗೈಗೆ ಗೇಣುದ್ದದ ದಪ್ಪ ಕಡ್ಡಿ, ಎಡಗೈಗೆ ಉದ್ದನೆಯ ಬಿದಿರ ಸೀಳು. ದಪ್ಪ ಕಡ್ಡಿ ನಡುವೆ ಬಿದ್ದರೆ ತುಂಬು ನಾದ, ಅಂಚಿಗೆ ಬಿದ್ದರೆ ಕಟು ನಾದ. ಬಿದಿರ ಸೀಳು ಸಿಡಿದರೆ ಚುರುಕಿನ ನಾದ. ಈ ಮೂರರಲ್ಲೇ ಸಾವಿಗೊಂದು, ಮದುವೆಗೊಂದು, ಮಾರಿಗೊಂದು, ಕುಣಿತಕ್ಕೊಂದು ಗತ್ತು. ದೂರದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಗತ್ತು ಕೇಳಿಯೇ 'ಅಯ್ಯೋ, ಯಾರೋ ಹೋದರು ಕಣಮ್ಮಿ' ಅಂತ ತಲೆಯೆತ್ತುತ್ತಿದ್ದರು. ಅಕ್ಷರ ಬಾರದವರು ಓದುತ್ತಿದ್ದ ಬರಹ ಅದು.

ನಾವು ಹುಡುಗರು ದೊಡ್ಡವರ ತಮಟೆ ಮುಟ್ಟುವಂತಿರಲಿಲ್ಲ. ಡಾಲ್ಡಾ ಡಬ್ಬದ ಎರಡೂ ತಟ್ಟು ಕತ್ತರಿಸಿ, ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಬಾಯಿಗೆ ಎಳೆದು, ಟ್ಯೂಬಿನದೇ ದಾರದಲ್ಲಿ ಕಟ್ಟಿಕೊಳ್ಳುತ್ತಿದ್ದೆವು. ಅದು 'ಬೊದ್ ಬೊದ್' ಅನ್ನುತ್ತಿತ್ತು. ರಬ್ಬರ್ ಎಷ್ಟು ಎಳೆದರೂ ಅಷ್ಟೇ. ದೊಡ್ಡಪ್ಪ ಒಮ್ಮೆ ಉಳಿದ ಮೇಕೆ ತೊಗಲಿನ ಚೂರೊಂದನ್ನು ನೆನೆಸಿ ಅದೇ ಡಬ್ಬಕ್ಕೆ ಕಟ್ಟಿಕೊಟ್ಟರು. ಮಾರನೆ ದಿನ ಅದು ಮಾತಾಡಿತು. ರಬ್ಬರಿಗೂ ತೊಗಲಿಗೂ ವ್ಯತ್ಯಾಸವೇನು ಅಂತ ಯಾವ ವಿಜ್ಞಾನದ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಹೇಳಲಿಲ್ಲ.

ಇಷ್ಟು ವಿವರ ಯಾಕೆ ಬರೆದೆ ಅಂದರೆ, ಇದು ತಿಳಿವಳಿಕೆ. ವಸ್ತುವಿನ ಗುಣ, ಹವೆಯ ಗುಣ, ಕಿವಿಯ ಶಿಕ್ಷಣ ಮೂರೂ ಕೂಡಿದ ತಿಳಿವಳಿಕೆ. ಊರು ಇದನ್ನು ತಿಳಿವಳಿಕೆ ಎನ್ನಲಿಲ್ಲ, ಕೀಳು ಕೆಲಸ ಎಂದಿತು. ಆ ಮಾತನ್ನು ನಮ್ಮ ವಿಮರ್ಶೆಯೂ ಗೊತ್ತಿಲ್ಲದೆಯೇ ಒಪ್ಪಿಕೊಂಡಿತು.

3

ಕನ್ನಡ ಕಾದಂಬರಿಯಲ್ಲಿ ಕೇರಿಯ ವಾದ್ಯದ ಮಾತು ಬಂದರೆ ಮೊದಲು ನೆನಪಾಗುವುದು 1933ರ 'ಚೋಮನ ದುಡಿ'. ಶಿವರಾಮ ಕಾರಂತರ ಈ ಕೃತಿ ಅಸ್ಪೃಶ್ಯನೊಬ್ಬನನ್ನು ನಡುಮನೆಗೆ ತಂದು ಕೂರಿಸಿತು. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು, ಚೋಮನಾಗಿದ್ದ ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮ ನಮಗೆಲ್ಲ ಗೊತ್ತಿರುವವನು. ಅವನಿಗೆ ಬೇಸಾಯ ಮಾಡುವ ಆಸೆ. ಜಾತಿ ಅದಕ್ಕೆ ಬಿಡುವುದಿಲ್ಲ. ಸಾಲ ಮಕ್ಕಳನ್ನು ತೋಟಕ್ಕೆ ಎಳೆಯುತ್ತದೆ, ಒಬ್ಬ ಮಗ ಜ್ವರಕ್ಕೆ ಹೋಗುತ್ತಾನೆ, ಒಬ್ಬ ಮತ ಬಿಟ್ಟು ಹೋಗುತ್ತಾನೆ, ಒಬ್ಬ ನೀರಲ್ಲಿ ಮುಳುಗುತ್ತಿದ್ದರೂ ಮೈಲಿಗೆಯ ಭಯಕ್ಕೆ ಯಾರೂ ಮುಟ್ಟುವುದಿಲ್ಲ. ಕಟ್ಟಕಡೆಗೆ ಚೋಮ ಗುಡಿಸಲಲ್ಲಿ ದುಡಿ ಬಾರಿಸುತ್ತಲೇ ಸಾಯುತ್ತಾನೆ.

ದುಡಿ ಅಂದರೆ ವಾದ್ಯ, ದುಡಿ ಅಂದರೆ ಗೇಯು. ಕನ್ನಡ ಭಾಷೆ ಈ ಎರಡನ್ನೂ ಒಂದೇ ಶಬ್ದದಲ್ಲಿ ಇಟ್ಟುಕೊಂಡಿದೆ. ಚೋಮನಿಗೆ ಎರಡನೆಯ ದುಡಿ ಜೀವಮಾನವಿಡೀ ಇದೆ, ಆದರೆ ತನ್ನ ನೆಲದಲ್ಲಲ್ಲ. ಮೊದಲನೆಯ ದುಡಿ ಅವನ ಕೈಯಲ್ಲಿದೆ, ಆದರೆ ಅದು ಅವನಿಗೆ ಏನನ್ನೂ ಗೆದ್ದು ಕೊಡುವುದಿಲ್ಲ. ಕಾದಂಬರಿ ನೇಗಿಲನ್ನು ಅವನಿಂದ ಕಿತ್ತುಕೊಂಡು ದುಡಿಯನ್ನು ಅವನಿಗೆ ಬಿಡುತ್ತದೆ. ಕಾರಂತರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. 1933ರಲ್ಲಿ ಭೂಮಿಯ ಪ್ರಶ್ನೆಯನ್ನು ಅಸ್ಪೃಶ್ಯತೆಯ ಪ್ರಶ್ನೆಯೊಂದಿಗೆ ಗಂಟು ಹಾಕಿದ್ದು ಸಣ್ಣ ಕೆಲಸವಲ್ಲ. ನನ್ನ ತಕರಾರು ಆ ಕೃತಿಯನ್ನು ಓದಿಕೊಂಡು ಬಂದ ರೀತಿಯ ಬಗ್ಗೆ. ನಮಗೆ ತರಗತಿಯಲ್ಲಿ ಹೇಳಿಕೊಟ್ಟದ್ದು: ದುಡಿ ಚೋಮನ ಅಂತರಂಗ, ದುಡಿ ಮೂಕವೇದನೆಯ ಪ್ರತಿಮೆ, ದುಡಿ ಅವನ ಆತ್ಮದ ಕೂಗು. ಹೀಗೆ ಹೇಳಿದ ಕೂಡಲೇ ದುಡಿ ಒಂದು ವಸ್ತುವಾಗಿ ಮಾಯವಾಗುತ್ತದೆ. ಮರ ಕೊರೆದು, ತೊಗಲು ಬಿಗಿದು ಮಾಡಿದ ಸಾಮಾನು ಅದು. ಅದನ್ನು ಕಟ್ಟುವ ಕೆಲಸ ಕಥೆಯ ಭಾಗವಾಗುವುದಿಲ್ಲ. ಅದಾಗಿದ್ದರೆ ಚೋಮ ಬರೀ ನರಳುವವನಾಗಿ ಉಳಿಯುತ್ತಿರಲಿಲ್ಲ, ಏನನ್ನೋ ಬಲ್ಲವನೂ ಆಗುತ್ತಿದ್ದ. ನೇಗಿಲು ಕೊಡದ ಊರಿನಲ್ಲಿ ತನ್ನ ಕೈಯ ಉಪಕರಣವನ್ನು ತಾನೇ ಮಾಡಿಕೊಂಡ ಒಬ್ಬ ಕುಶಲಿಯನ್ನು ನಾವು ನೋಡುತ್ತಿದ್ದೆವು. ಶಿಷ್ಟ ವಿಮರ್ಶೆಗೆ ದಲಿತನ ನೋವು ಬೇಕು, ಅವನ ಜಾಣ್ಮೆ ಬೇಡ. ನೋವಿಗೆ ಕಣ್ಣೀರು ಸುರಿಸಿದರೆ ಆಯಿತು, ಜಾಣ್ಮೆಗೆ ಪಾಲು ಕೊಡಬೇಕಾಗುತ್ತದೆ.

ನಲವತ್ತು ವರ್ಷಗಳ ಮೇಲೆ ದೇವನೂರ ಮಹಾದೇವರ 'ದ್ಯಾವನೂರು' ಬಂತು. ಅದರೊಳಗಿನ 'ಅಮಾಸ' ಕತೆಯ ಮಾರಿಹಬ್ಬದಲ್ಲಿ ಹುಲಿವೇಷದ ಕುಣಿತವಿದೆ. ಇಲ್ಲಿ ಕುಣಿತ ಯಾರ ಅಂತರಂಗದ ಪ್ರತಿಮೆಯೂ ಅಲ್ಲ. ಅದು ಹಬ್ಬದ ಕೆಲಸ, ಮೈಯ ಕೆಲಸ, ಎಲ್ಲರೂ ಕಣ್ಣರಳಿಸಿ ನೋಡುವ ಕೆಲಸ. ಕೇರಿಯ ಹುಡುಗನೊಬ್ಬ ತನ್ನ ಮೈಯಿಂದಲೇ ಊರಿನ ಕಣ್ಣನ್ನು ಹಿಡಿದು ನಿಲ್ಲಿಸುತ್ತಾನೆ. ಚೋಮನಿಂದ ಅಮಾಸನವರೆಗೆ ಕನ್ನಡ ಗದ್ಯ ನಡೆದ ದೂರ ಇದೇ: ಅನುಕಂಪದಿಂದ ಅರಿವಿನವರೆಗೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ಊರೆಲ್ಲ ಬೆಂಕಿ ಹತ್ತಿತು. ಅದೇ ವರ್ಷ ಈ ಸಂಕಲನ ಹೊರಬಂದದ್ದು, ಆ ಮಾತಿಗೆ ಒಳಗಿನಿಂದ ಬಂದ ಉತ್ತರದ ಹಾಗೆ ನನಗೆ ಕಾಣುತ್ತದೆ.

ಇನ್ನೊಂದು ಮಾತು. ದಲಿತ ಸಾಹಿತ್ಯವನ್ನು ಹೊಗಳುವವರು 'ದನಿಯಿಲ್ಲದವರ ದನಿ' ಅಂತ ಬರೆಯುವುದು ರೂಢಿಯಾಗಿದೆ. ಇದೆಂಥ ಮಾತು ಸ್ವಾಮಿ? ಊರಲ್ಲಿ ಎಲ್ಲರಿಗಿಂತ ದೊಡ್ಡ ಸದ್ದು ಮಾಡುತ್ತಿದ್ದವರು ನಾವು. ಕಂದಾಯ ಕಟ್ಟಿ ಅಂತ, ಹರಾಜು ಇದೆ ಅಂತ, ಪಂಚಾಯ್ತಿ ಸೇರುತ್ತದೆ ಅಂತ ತಮಟೆ ಹೊಡೆದು 'ಕೇಳ್ರಪ್ಪೋ ಕೇಳಿ' ಎಂದು ಸಾರುತ್ತಿದ್ದವನು ತೋಟಿ. ದನಿ ನಮಗೆ ಇತ್ತು. ಮಾತು ನಮ್ಮದಾಗಿರಲಿಲ್ಲ. ಗಂಟಲು ನಮ್ಮದು, ಹುಕುಂ ಅವರದು. ಪುರಂದರದಾಸರಂಥವರ ಹಾಡಿನಲ್ಲೂ ಡಂಗುರ ಸಾರುವುದು ಭಕ್ತಿಯ ರೂಪಕವಾಗಿ ಬರುತ್ತದೆ. ಡಂಗುರ ಹೊತ್ತವನ ಹೆಗಲು ಮಾತ್ರ ಆ ರೂಪಕದೊಳಗೆ ಬರುವುದಿಲ್ಲ. ಆದ್ದರಿಂದ ದಲಿತ ಸಾಹಿತ್ಯದ ಕೆಲಸ ಮೂಕರಿಗೆ ಬಾಯಿ ಕೊಡುವುದಲ್ಲ, ಸಾರುವವನು ತನ್ನ ಮಾತನ್ನೇ ಸಾರುವಂತೆ ಆಗುವುದು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, ಮುಂದೆ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆಯ ಜೊತೆ ಹೋರಾಟದ ಹಾಡುಗಳು ಕೇಳಿಬಂದಾಗ ಆದದ್ದು ಇದೇ. ವಾದ್ಯ ಹಳೆಯದು, ಗತ್ತು ಹಳೆಯದು, ಹುಕುಂ ಮಾತ್ರ ಬದಲಾಯಿತು.

4

ತೊಗಲನ್ನು ಮರೆಸುವ ಚಾಳಿ ಇವತ್ತಿನದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಚರ್ಮವಾದ್ಯಗಳ ಹುಟ್ಟಿನ ಕತೆಯಿದೆ. ಸ್ವಾತಿ ಎಂಬ ಋಷಿ ಮಳೆಯ ದಿನ ನೀರು ತರಲು ಕೊಳಕ್ಕೆ ಹೋಗುತ್ತಾನೆ. ತಾವರೆ ಎಲೆಗಳ ಮೇಲೆ ಹನಿಗಳು ಬೀಳುವ ಬಗೆಬಗೆಯ ಸದ್ದು ಕೇಳಿ ಬೆರಗಾಗುತ್ತಾನೆ. ಬಂದು ವಿಶ್ವಕರ್ಮನ ನೆರವಿನಿಂದ ವಾದ್ಯಗಳನ್ನು ಸೃಷ್ಟಿಸುತ್ತಾನೆ. ಬಹಳ ಚೆಂದದ ಕತೆ. ಕೇಳಿದವನು ಋಷಿ, ಮಾಡಿದವನು ದೇವಶಿಲ್ಪಿ. ತೊಗಲು ಹೊದಿಸಿದ್ದೂ ಉಂಟು. ಆದರೆ ಆ ತೊಗಲನ್ನು ಸುಲಿದವನು ಯಾರು, ಹದ ಮಾಡಿದವನು ಯಾರು? ಕತೆ ಅವನನ್ನು ಕರೆಯುವುದೇ ಇಲ್ಲ. ತಾವರೆ ಎಲೆಗೆ ವಾಸನೆಯಿಲ್ಲ, ಹಸಿ ತೊಗಲಿಗೆ ಇದೆ.

ಅದೇ ಕತೆ ಮೃದಂಗದವರೆಗೂ ಬಂದಿದೆ. ಸಭಾಂಗಣದಲ್ಲಿ ಪೂಜೆ ಮಾಡಿಸಿಕೊಳ್ಳುವ ಮೃದಂಗದ ಎರಡು ಮುಖಗಳಿಗೆ ದನ, ಎಮ್ಮೆ, ಮೇಕೆಗಳ ತೊಗಲು ಬೇಕು. ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದು, ತಂಜಾವೂರು ಕಡೆಯ ದಲಿತ ಕ್ರೈಸ್ತ ಮನೆತನಗಳು ತಲೆಮಾರುಗಳಿಂದ ಮೃದಂಗ ಮಾಡಿಕೊಂಡು ಬಂದುದನ್ನು ದಾಖಲಿಸಿದರು. ಪಾಲಘಾಟ್ ಮಣಿ ಅಯ್ಯರ್ ಹೆಸರು ಸಂಗೀತ ಕೇಳುವ ಎಲ್ಲರಿಗೂ ಗೊತ್ತು. ಅವರ ನಾದಕ್ಕೆ ಕೈ ಕೊಟ್ಟ ಪರ್ಲಾಂದು ಎಂಬ ಕುಶಲಿಯ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು? ಆ ಪುಸ್ತಕದ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣದ ಅನುಮತಿಯನ್ನು ಚೆನ್ನೈನ ಕಲಾಕ್ಷೇತ್ರ ವಾಪಸ್ ಪಡೆಯಿತು. ನಾದಕ್ಕೆ ಬಾಗಿಲು ತೆರೆದಿರುತ್ತದೆ, ನಾದದ ಮೂಲಕ್ಕೆ ಮುಚ್ಚಿಕೊಳ್ಳುತ್ತದೆ.

ಇದಕ್ಕೆ ಎದುರಾಗಿ ನಮ್ಮಲ್ಲಿ 12ನೇ ಶತಮಾನದ ನೆನಪೊಂದಿದೆ. ಶರಣರ ಸಾಲಿನಲ್ಲಿ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಢಕ್ಕೆಯ ಬೊಮ್ಮಣ್ಣ ಇದ್ದಾರೆ. ಹೆಸರಿನ ಮುಂದೆಯೇ ಕಾಯಕ. ಢಕ್ಕೆ ಬಾರಿಸುವವನು ಢಕ್ಕೆಯವನಾಗಿಯೇ ಅನುಭಾವಕ್ಕೆ ಬಂದ, ತೊಗಲು ಹದ ಮಾಡುವವನು ಕೈ ತೊಳೆದುಕೊಂಡು ಬರಬೇಕೆಂದು ಅಲ್ಲಿ ಯಾರೂ ಹೇಳಲಿಲ್ಲ. ಮುಂದೆ ಮಠಗಳು ಈ ಹೆಸರುಗಳನ್ನು ಭಾಷಣಕ್ಕೆ ಇಟ್ಟುಕೊಂಡು ಕೈಗಳನ್ನು ಹೊರಗಿಟ್ಟದ್ದು ಬೇರೆ ಕತೆ.

ಮಾತಿನ ರಾಜಕಾರಣವನ್ನೂ ಗಮನಿಸಬೇಕು. ಮೃದಂಗದವರು ಬಾಯಲ್ಲಿ ಹೇಳುವ 'ತಕಧಿಮಿ ತಕಜಣು' ಸೊಲ್ಲುಕಟ್ಟು ಎನಿಸಿಕೊಳ್ಳುತ್ತದೆ. ಅದಕ್ಕೆ ಕೊನ್ನಕ್ಕೋಲ್ ಎಂಬ ಹೆಸರಿದೆ, ಗುರುಗಳಿದ್ದಾರೆ, ಪರೀಕ್ಷೆಯಿದೆ. ನಮ್ಮವರೂ ಗತ್ತನ್ನು ಬಾಯಲ್ಲೇ ಕಲಿಸುತ್ತಿದ್ದರು. 'ಜಗ್ಗಣಕ ಜಗ್ಗಣಕ', 'ಡಂಕಣಕ ಡಣಕಣಕ'. ಎಲ್ಲಿ ಬಲಗೈ, ಎಲ್ಲಿ ಸೀಳು, ಎಲ್ಲಿ ತಡೆ ಎಂಬುದೆಲ್ಲ ಆ ಅಕ್ಷರಗಳೊಳಗೇ ಇದೆ. ಅದೂ ಲಿಪಿಯೇ. ಸಿನಿಮಾದವರಿಗೆ ಇದು ಕುಡುಕರ ಕುಣಿತದ ಪದ, ಪೇಟೆಯವರಿಗೆ ನಗೆಚಾಟಿಕೆಯ ಪದ. ಎರಡೂ ತೊಗಲಿನ ಮೇಲೆ ಕೈಯ ಭಾಷೆಯೇ. ಒಂದು ಶಾಸ್ತ್ರವಾಯಿತು, ಇನ್ನೊಂದು ಗದ್ದಲವಾಯಿತು. ನಡುವೆ ಇರುವುದು ಲಯದ ವ್ಯತ್ಯಾಸವಲ್ಲ, ಜಾತಿಯ ವ್ಯತ್ಯಾಸ.

5

ಇಷ್ಟೆಲ್ಲ ಹೇಳಿದ ಮೇಲೆ 'ಹಾಗಾದರೆ ತಮಟೆ ಹಿಡಿಯೋಣ, ಅದು ನಮ್ಮ ಸಂಸ್ಕೃತಿ' ಎಂದು ಮುಗಿಸುವುದು ಸುಲಭ. ನಾನು ಹಾಗೆ ಮುಗಿಸಲಾರೆ. ಯಾಕೆಂದರೆ ತಮಟೆ ನಮ್ಮ ಸಂಸ್ಕೃತಿಯಾಗುವ ಮುಂಚೆ ನಮ್ಮ ಬಿಟ್ಟಿ ಚಾಕರಿಯಾಗಿತ್ತು.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿದ್ದಷ್ಟೇ ಮಾಡಲಿಲ್ಲ, ಸತ್ತ ದನದ ಮಾಂಸ ಬಿಡಿ, ಮರ್ಯಾದೆಗೇಡಿನ ಕೆಲಸ ಬಿಡಿ ಎಂದೂ ಜನರಿಗೆ ಹೇಳಿದರು. ಸ್ವಾಭಿಮಾನದ ಮೊದಲ ಅಕ್ಷರ 'ಒಲ್ಲೆ' ಎಂಬುದು. ಕಾನೂನು ಆ 'ಒಲ್ಲೆ'ಯನ್ನು ಒಪ್ಪಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು. 1955ರ ನಾಗರಿಕ ಹಕ್ಕುಗಳ ಕಾಯಿದೆಗೆ 1976ರಲ್ಲಿ ತಿದ್ದುಪಡಿ ತಂದು, ಅಸ್ಪೃಶ್ಯತೆಯ ನೆಪದಲ್ಲಿ ಹೆಣ ಎತ್ತಿಸುವುದು, ತೊಗಲು ಸುಲಿಸುವುದು ಮುಂತಾದ ಬಲವಂತದ ಕೆಲಸವನ್ನು ಅಪರಾಧ ಮಾಡಲಾಯಿತು. ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ತೋಟಿ, ತಳವಾರಿಕೆಗಳನ್ನು ಕಾಗದದ ಮೇಲೆ ಮುಗಿಸಿತು. ಕರಾವಳಿಯಲ್ಲಿ ಡೋಲು ಬಾರಿಸುವ ಕೊರಗರನ್ನು ಮನುಷ್ಯರೆಂದೇ ಎಣಿಸದಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಕಾಯಿದೆ ಮಾಡಿದ ಮಾತ್ರಕ್ಕೆ ಮಾರಿಹಬ್ಬದ ಹಿಂದಿನ ರಾತ್ರಿ ಕೇರಿಯ ಬಾಗಿಲಿಗೆ ಬರುವ ಊರಿನ ಯಜಮಾನರು ಬರುವುದನ್ನು ನಿಲ್ಲಿಸಲಿಲ್ಲ.

ನಮ್ಮೂರಲ್ಲಿ ಹುಡುಗರು ಸಂಘ ಕಟ್ಟಿಕೊಂಡು 'ಇನ್ಮುಂದೆ ಹೊಡೆಯಲ್ಲ' ಅಂದ ವರ್ಷ, ಕೂಲಿ ನಿಂತಿತು, ಅಂಗಡಿಯಲ್ಲಿ ಸಾಮಾನು ನಿಂತಿತು, ಬಾವಿಯ ದಾರಿ ನಿಂತಿತು. ಆ ವಾರ ಕೇರಿಯೊಳಗೆ ನಡೆದ ಮಾತು ನನಗೆ ಯಾವ ವಿಚಾರ ಸಂಕಿರಣದಲ್ಲೂ ಸಿಕ್ಕಿಲ್ಲ. ದೊಡ್ಡಪ್ಪ ಹುಡುಗರಿಗೆ ಅಂದರು: 'ಹೊಡೀಬ್ಯಾಡಿ ಕಣ್ರಪ್ಪ, ನಾನೇನ್ ಬ್ಯಾಡ ಅನ್ನಲ್ಲ. ಅವ್ರ ಬಾಗ್ಲಲ್ಲಿ ನಿಂತು ಹೊಡ್ದು ಹೊಡ್ದು ನನ್ ತೋಳೂ ಬಿದ್ದೋಗದೆ. ಆದ್ರೆ ಕಟ್ಟಾದ್ನ ಯಾಕ್ ಬಿಡ್ಬೇಕು? ಅದು ಅವ್ರು ಕೊಟ್ಟಿದ್ದಾ?' ಅದಕ್ಕೆ ನನ್ನ ಚಿಕ್ಕಪ್ಪನ ಮಗ, ಆಗಿನ್ನೂ ಪಿಯುಸಿ ಓದುತ್ತಿದ್ದವನು, ತಿರುಗಿ ಕೇಳಿದ: 'ದೊಡ್ಡಪ್ಪ, ನಾನು ಬಸ್ಸಲ್ಲಿ ಕೂತ್ರೆ ಪಕ್ಕದೋರು ಮೂಗು ಮುಚ್ಕತಾರೆ. ತೊಗಲು ಕಟ್ಟಿಲ್ದಿದ್ರೂ ಮುಚ್ಕತಾರೆ. ಇನ್ನು ಕಟ್ಟಿದ್ರೆ?'

ಈ ಎರಡು ಮಾತುಗಳಲ್ಲಿ ಯಾವುದನ್ನೂ ನಾನು ಸುಳ್ಳು ಎನ್ನಲಾರೆ. ಡಿ.ಆರ್. ನಾಗರಾಜ್ 1993ರ ತಮ್ಮ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ದಲಿತ ಚಳವಳಿಯ ಸಾಂಸ್ಕೃತಿಕ ನೆನಪಿನ ಪ್ರಶ್ನೆಯನ್ನು ಎತ್ತಿದರು. ಅವಮಾನದ ಜೊತೆಗೆ ಅಂಟಿಕೊಂಡು ಬಂದ ಎಲ್ಲವನ್ನೂ ಕಳಚಿದರೆ ನೆನಪೂ ಕಳಚಿಹೋಗುವುದಿಲ್ಲವೇ ಎಂಬ ಅವರ ಆತಂಕ ದೊಡ್ಡಪ್ಪನ ಮಾತಿಗೆ ಹತ್ತಿರದ್ದು. ಆದರೆ ಆ ನೆನಪನ್ನು ಕಾಯುವ ಖರ್ಚು ಯಾರದು? ಮೂಗು ಮುಚ್ಚಿಕೊಳ್ಳುವವನದಲ್ಲ, ಮುಚ್ಚಿಸಿಕೊಳ್ಳುವವನದು. ಕಲೆ ಉಳಿಯಲಿ ಎಂದು ಹಾರೈಸುವವರು ಮೊದಲು ಈ ಖರ್ಚಿನ ಲೆಕ್ಕ ಕೊಡಲಿ.

ಕೇರಿಯೊಳಗಿನ ಲೆಕ್ಕವೂ ಇದೆ. ತಮಟೆ ಎಡಗೈಯವರದು, ಗಂಟೆಬಟ್ಟಲು ಬಲಗೈ ಚಲವಾದಿಯವರದು ಅಂತ ಊರು ನಮ್ಮೊಳಗೇ ಪಾಲು ಹಂಚಿ, ಒಂದಕ್ಕಿಂತ ಇನ್ನೊಂದನ್ನು ಮೇಲೆಂದು ನಂಬಿಸಿತು. 1994ರಲ್ಲಿ ಆಂಧ್ರದ ಮಾದಿಗರು ಒಳಮೀಸಲಾತಿಗಾಗಿ ಎದ್ದಾಗ ತಮ್ಮ ಹೋರಾಟವನ್ನು ದಂಡೋರ ಎಂದೇ ಕರೆದುಕೊಂಡರು. ಊರಿನ ಹುಕುಂ ಸಾರುತ್ತಿದ್ದ ವಾದ್ಯದ ಹೆಸರಲ್ಲಿ ತಮ್ಮ ಪಾಲಿನ ಹಕ್ಕನ್ನು ಸಾರಿದರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ಅವಕಾಶವಿದೆ ಎಂದಾಗ ಆ ದಂಡೋರಕ್ಕೆ ಮೂವತ್ತು ವರ್ಷ. ತಮಿಳುನಾಡಿನಲ್ಲಿ ಪರೆಯದೂ ಇದೇ ಹಾದಿ. ಪರೆ ಬಾರಿಸುವವನು ಪರೆಯ. ಆ ಜಾತಿಹೆಸರೇ ಇಂಗ್ಲಿಷಿಗೆ ಹೋಗಿ, ಲೋಕದಲ್ಲೆಲ್ಲ ತಿರಸ್ಕೃತನನ್ನು ಕರೆಯುವ ಬೈಗುಳವಾಯಿತು. ಈಗ ದಿಂಡಿಗಲ್ಲಿನ ಶಕ್ತಿ ಜಾನಪದ ಕೇಂದ್ರದಂಥ ಕಡೆ ದಲಿತ ಹೆಣ್ಣುಮಕ್ಕಳೇ ಪರೆ ಬಾರಿಸುತ್ತಾರೆ. ಇದು ಊರಿಗಷ್ಟೇ ಕೊಟ್ಟ ಏಟಲ್ಲ. ಗಂಡಸರ ಕೈಯಿಂದ ವಾದ್ಯ ಹೆಂಗಸರ ಹೆಗಲಿಗೆ ಬಂದದ್ದು ಕೇರಿಗೂ ಬಿದ್ದ ಏಟು. ನಮ್ಮ ಅವ್ವಂದಿರು ತೊಗಲು ನೆನೆಹಾಕಿದರು, ಹೆರೆದರು, ಕಡ್ಡಿ ಹಿಡಿಯಲು ಮಾತ್ರ ಅವರಿಗೆ ಬಿಡಲಿಲ್ಲ.

ಧಾರವಾಡ ಸೀಮೆಯ ಹೋಳಿ ಹುಣ್ಣಿಮೆಗೆ ಬನ್ನಿ. ಎಲ್ಲ ಜಾತಿಯ ಹುಡುಗರೂ ಹಲಗಿ ಹಿಡಿದು ಓಣಿ ತುಂಬ ಬಡಿಯುತ್ತಾರೆ. ಹುಬ್ಬಳ್ಳಿ ಕಡೆ ಚಕ್ಕಡಿ ಗಾಲಿಯ ಹಳಿಗೆ ಎಮ್ಮೆಯ ತೊಗಲು ಬಿಗಿದ ಜಗ್ಗಲಗಿಗಳು ಬೀದಿಗಿಳಿಯುತ್ತವೆ. ನೋಡಲಿಕ್ಕೆ ಸಂತೋಷ. ಆ ದಿನ ಹಲಗಿ ಯಾರನ್ನೂ ಮೈಲಿಗೆ ಮಾಡುವುದಿಲ್ಲ. ಹೋಳಿ ಮುಗಿದ ಮೇಲೆ ಸಾವಿನ ಮುಂದೆ ಬಾರಿಸುವವರು ಯಾರು ಅಂತ ಮಾತ್ರ ಕೇಳಬೇಕು. ಆಟಕ್ಕೆ ಎಲ್ಲರೂ, ಕೆಲಸಕ್ಕೆ ಒಬ್ಬರೇ. ಇಷ್ಟವಾದಾಗ ಎತ್ತಿಕೊಂಡು ಬೇಡವಾದಾಗ ಇಡುವ ಸ್ವಾತಂತ್ರ್ಯಕ್ಕೆ ಕಲೆ ಅಂತ ಹೆಸರು. ಇಡುವ ಸ್ವಾತಂತ್ರ್ಯವಿಲ್ಲದ ಕಡೆ ಅದೇ ವಾದ್ಯಕ್ಕೆ ಚಾಕರಿ ಅಂತ ಹೆಸರು.

ಈಚೆಗೆ ಫೈಬರ್ ಹಾಳೆಯ ತಮಟೆ ಬಂದಿದೆ. ಬಳೆಗೆ ನಟ್ಟು ಬೋಲ್ಟು, ಬೆಂಕಿ ಬೇಡ, ಮಳೆಗೆ ಹೆದರಬೇಕಿಲ್ಲ, ವಾಸನೆಯಿಲ್ಲ. ಬಾರಿಸುವವರಿಗೆ ಅನುಕೂಲವೇ, ಅದನ್ನು ಬೇಡ ಎನ್ನಲು ನಾನ್ಯಾರು? ಆದರೆ ತೊಗಲು ಹೋದ ಮೇಲೆಯೇ ತಮಟೆ ಶಾಲೆಯ ವಾರ್ಷಿಕೋತ್ಸವಕ್ಕೂ ಮದುವೆ ಹಾಲಿಗೂ ಹೆಚ್ಚು ಸಲೀಸಾಗಿ ಹೋಗುತ್ತಿರುವುದನ್ನು ನಾನು ನೋಡುತ್ತಿದ್ದೇನೆ. ವಾದ್ಯ ಸ್ಪೃಶ್ಯವಾಯಿತು, ಮನುಷ್ಯ ಆಗಲಿಲ್ಲ. ಇನ್ನೊಂದು ಕಡೆ ತೊಗಲಿನ ದಾರಿಯೇ ಮುಚ್ಚಿಕೊಳ್ಳುತ್ತಿದೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅಲ್ಲಿನ ದಲಿತರು ಸತ್ತ ದನಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಸುರಿದು 'ನೀವೇ ಎತ್ತಿಕೊಳ್ಳಿ' ಎಂದರು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ ಬಂದ ಮೇಲೆ ತೊಗಲು ಸಾಗಿಸುವವನಿಗೆ ದಾರಿಯುದ್ದಕ್ಕೂ ಭಯ. ಸುಲಿಯದಿದ್ದರೆ ಊರು ಹೊಡೆಯುತ್ತಿತ್ತು, ಈಗ ಸುಲಿದರೆ ಹೊಡೆಯುತ್ತದೆ. ಏಟು ಮಾತ್ರ ವಿಳಾಸ ತಪ್ಪಿಲ್ಲ.

ಇದರ ನಡುವೆ 2023ರಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಗೌರವ ಅವರ ಕೈಗೆ ಸಲ್ಲಬೇಕಾದದ್ದೇ. ಆದರೆ ಒಬ್ಬರ ಕೊರಳಿಗೆ ಬಿದ್ದ ಪದಕವನ್ನು ತೋರಿಸಿ, ಕೇರಿಯ ಇನ್ನೊಬ್ಬನಿಗೆ 'ನೋಡು, ಹೊಡಿ' ಎಂದು ಯಾರಾದರೂ ಹೇಳಿದರೆ ಆ ಪದಕವೂ ಊರಿನ ಹುಕುಂ ಆಗಿಬಿಡುತ್ತದೆ.

6

ಹಾಗಾದರೆ ದಲಿತ ವಿಮರ್ಶೆ ಏನು ಮಾಡಬೇಕು? ನಾನು ಮೂರು ಮಾತು ಹೇಳಬಲ್ಲೆ.

ಮೊದಲನೆಯದು, ಚಾಕರಿಯನ್ನೂ ತಿಳಿವಳಿಕೆಯನ್ನೂ ಬಿಡಿಸಿ ನೋಡುವುದು. ಊರಿನ ಬಾಗಿಲಲ್ಲಿ ನಿಂತು ಬಾರಿಸುವುದನ್ನು ಬಿಟ್ಟದ್ದು ಸರಿ, ಇನ್ನೂ ಬಿಡದ ಕಡೆ ಬಿಡಿಸುವುದು ಚಳವಳಿಯ ಕೆಲಸ. ಆದರೆ ಹದ ಎಂಬ ತಿಳಿವಳಿಕೆಯನ್ನು ಊರು ನಮಗೆ ಕೊಟ್ಟದ್ದಲ್ಲ. ಅದನ್ನು ಊರಿಗೆ ಬಿಟ್ಟುಕೊಡಬೇಕಾಗಿಲ್ಲ, ವಸ್ತುಸಂಗ್ರಹಾಲಯಕ್ಕೂ ಬಿಟ್ಟುಕೊಡಬೇಕಾಗಿಲ್ಲ. ಬಾರಿಸುವುದು ಬಿಡುವುದು ಆಯಾ ಮನುಷ್ಯನ ಇಷ್ಟ, ಬರೆದಿಡುವುದು ನಮ್ಮ ಜವಾಬ್ದಾರಿ. ವಿದ್ಯಾರ್ಥಿ ಗೆಳೆಯರು ಪಿಎಚ್‌ಡಿಗೆ ಇನ್ನೊಂದು 'ಪ್ರತಿಮಾ ವಿಧಾನ' ಹುಡುಕುವ ಬದಲು, ತಮ್ಮೂರಿನ ಕೇರಿಯಲ್ಲಿ ಉಳಿದಿರುವ ಒಬ್ಬ ಕಟ್ಟುವವನ ಬಳಿ ಹೋಗಿ ಕೂರಲಿ. ಗತ್ತುಗಳನ್ನು ಅವನ ಬಾಯಿಯ ಅಕ್ಷರಗಳಲ್ಲೇ ಬರೆದುಕೊಳ್ಳಲಿ. ಅವನ ಹೆಸರನ್ನು ಪುಸ್ತಕದ ಮುಖಪುಟದಲ್ಲಿ ಹಾಕಲಿ, ಕೃತಜ್ಞತೆಯ ಪುಟದಲ್ಲಲ್ಲ.

ಎರಡನೆಯದು, ರೂಪಕದ ಮೇಲೆ ಕಾವಲು. ತಮಟೆ ಕ್ರಾಂತಿ, ತಮಟೆ ಗುಡುಗು ಎಂದು ಬರೆಯುವ ಮುಂಚೆ ನಮ್ಮ ಕವಿಗಳು ತೊಗಲಿನ ಬೆಲೆ ಕೇಳಿಕೊಂಡು ಬರಲಿ. ಕೈಯ ವಿವರವಿಲ್ಲದ ರೂಪಕ ಎಷ್ಟೇ ಬಂಡಾಯದ್ದಾಗಿರಲಿ, ಅದು ಸ್ವಾತಿ ಋಷಿಯ ತಾವರೆ ಎಲೆಯೇ.

ಮೂರನೆಯದು, ಓದುವ ಕ್ರಮ. ಒಂದು ಕೃತಿಯಲ್ಲಿ ವಾದ್ಯ ಬಂದರೆ, ನೇಗಿಲು ಬಂದರೆ, ಚಪ್ಪಲಿ ಬಂದರೆ, ಪೊರಕೆ ಬಂದರೆ ಅದು ಯಾವುದರ ಸಂಕೇತ ಎಂದು ಕೇಳುವ ಮೊದಲು ಇದನ್ನು ಯಾರು ಮಾಡಿದರು, ಅವರಿಗೆ ಏನು ಸಿಕ್ಕಿತು ಎಂದು ಕೇಳುವುದು. ಈ ಪ್ರಶ್ನೆ ಇಟ್ಟುಕೊಂಡು ಪಂಪನಿಂದ ಇಲ್ಲಿಯವರೆಗೆ ಓದುತ್ತಾ ಬಂದರೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಬೇರೆಯದೇ ಜನ ಎದ್ದು ಕೂರುತ್ತಾರೆ. ರಣಭೇರಿ ಎಂದು ಓದಿದ ಕಡೆಯಲ್ಲೆಲ್ಲ ಒಬ್ಬ ತೊಗಲಿನವನಿದ್ದಾನೆ. ಮಂಗಳವಾದ್ಯ ಎಂದು ಓದಿದ ಕಡೆಯಲ್ಲೂ ಇದ್ದಾನೆ.

ಇದಕ್ಕೆ ಹೊಸ ಸಿದ್ಧಾಂತ ಆಮದು ಮಾಡಿಕೊಳ್ಳಬೇಕಾಗಿಲ್ಲ. ತೊಗಲು ಮುಟ್ಟಿ ಗೊತ್ತಿರುವ ಕೈಗಳು ಈಗ ಪೆನ್ನು ಹಿಡಿದಿವೆ. ಆ ಎರಡು ಹಲಗೆಗಳಲ್ಲಿ ಒಂದನ್ನು ಇಟ್ಟು ಇನ್ನೊಂದನ್ನು ಹಿಡಿಯಬೇಕೆಂಬ ಷರತ್ತು ಊರು ಹಾಕಿದ್ದು. ನಮ್ಮ ವಿಮರ್ಶೆ ಆ ಷರತ್ತಿಗೆ ಇನ್ನು ರುಜು ಹಾಕಬೇಕಾಗಿಲ್ಲ.